ಅಗ್ಗದ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ವೈರಿಂಗ್ ಮಾಡುವುದು ಹೇಗೆ?

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಕೊಂಡವರು ಅದರ ನಾದ ಸಾಲದು ಎನ್ನಿಸಿದ ಕೂಡಲೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬದಲಿಸಲು ಹೊರಡುತ್ತಾರೆ. ಈ ಕ್ರಮವೇ ಹಿಂದುಮುಂದು. ಇಂಥ ಗಿಟಾರುಗಳಲ್ಲಿ ಮರ, ನೆಕ್, ಪಿಕಪ್ ಇವೆಲ್ಲ ಸಾಮಾನ್ಯವಾಗಿ ಪರವಾಗಿಲ್ಲ ಎನ್ನುವಂತೆಯೇ ಇರುತ್ತವೆ. ತಯಾರಕರು ಕೈ ಬಿಗಿಹಿಡಿದಿರುವುದು ದೇಹದ ಮೇಲಿನ ಪ್ಲಾಸ್ಟಿಕ್ ಹಲಗೆಯಾದ ಪಿಕ್‌ಗಾರ್ಡಿನ ಅಡಿಯಲ್ಲಿ ಅಡಗಿರುವ ಪಾಟ್ (ನಾಬ್ ತಿರುಗಿಸಿದಾಗ ಧ್ವನಿ ಬದಲಿಸುವ ಭಾಗ), ಸ್ವಿಚ್, ಜ್ಯಾಕ್ (ಕೇಬಲ್ ಸಿಕ್ಕಿಸುವ ಕಿಂಡಿ) ಮತ್ತು ತೆಳು ವೈರುಗಳ ವಿಷಯದಲ್ಲಿ. ನಾಬ್ ತಿರುಗಿಸಿದಾಗ ಬರುವ ಕರಕರ ಸದ್ದು, ಕೇಬಲ್ ಅಲುಗಿದರೆ ಕಡಿದುಹೋಗುವ ಧ್ವನಿ, ಆಂಪ್ಲಿಫೈಯರಿನಲ್ಲಿ ಬಿಡದೆ ಕೇಳುವ ಗುಂಯ್ಗುಡುವಿಕೆ, ಇವುಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲಿಯೇ. ಆದ್ದರಿಂದ ಮೊದಲು ವೈರಿಂಗ್ ಸರಿಪಡಿಸಿ. ಪಿಕಪ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ಕೇಳಿ ನೋಡಿ ತೀರ್ಮಾನಿಸಿ.

ಇಲ್ಲಿನ ವಿವರಣೆ ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್ ಮತ್ತು ಐದು ಸ್ಥಾನಗಳ ಸ್ವಿಚ್ ಇರುವ ಗಿಟಾರಿನದು. 1954ರಲ್ಲಿ ಬಂದ ಫೆಂಡರ್ ಸ್ಟ್ರ್ಯಾಟೊಕಾಸ್ಟರಿನ ವಿನ್ಯಾಸವನ್ನೇ ಅಗ್ಗದ ಗಿಟಾರುಗಳಲ್ಲಿ ಬಹಳಷ್ಟು ಅನುಸರಿಸುತ್ತವೆ. ಮೂಲದಲ್ಲಿ ಸ್ವಿಚ್ಚಿಗೆ ಮೂರೇ ಸ್ಥಾನಗಳಿದ್ದವು. ಐದು ಸ್ಥಾನಗಳ ಸ್ವಿಚ್ ಕಾರ್ಖಾನೆಯಿಂದಲೇ ಬರತೊಡಗಿದ್ದು 1977ರಲ್ಲಿ.

ಕೊಳ್ಳುವ ಮುನ್ನ ಅಳೆಯಿರಿ

ಬಿಡಿಭಾಗಗಳನ್ನು ತಂದ ಮೇಲೆ ಪಿಕ್‌ಗಾರ್ಡ್ ಬಿಚ್ಚುವವರೇ ಹೆಚ್ಚು. ಬಿಚ್ಚಿದ ಮೇಲೆ ಅವು ಕೂರುವುದಿಲ್ಲ ಎಂದು ತಿಳಿಯುತ್ತದೆ. ಅಗ್ಗದ ಗಿಟಾರಿನಲ್ಲಿರುವುದು ಸುಮಾರು 16 ಮಿ.ಮೀ. ವ್ಯಾಸದ ಪುಟ್ಟ ಪಾಟ್‌ಗಳು, ಅವುಗಳ ರಂಧ್ರ 7 ಅಥವಾ 8 ಮಿ.ಮೀ. ಇರುತ್ತದೆ. ಸುಮಾರು 24 ಮಿ.ಮೀ.ನ ದೊಡ್ಡ ಪಾಟ್‌ಗೆ ಬೇಕಾದದ್ದು 9.5 ಮಿ.ಮೀ. ರಂಧ್ರ. ಪ್ಲಾಸ್ಟಿಕ್ ಪಿಕ್‌ಗಾರ್ಡಿನ ರಂಧ್ರವನ್ನು ಡ್ರಿಲ್ ಬಿಟ್‌ನಿಂದ ಹಿಗ್ಗಿಸಲು ಹೋಗಬೇಡಿ. ಬಿಟ್ ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿದರೆ ಅಂಚು ಸೀಳಿಹೋಗುತ್ತದೆ. ಕೈಯಿಂದ ತಿರುಗಿಸುವ ರೀಮರ್ ನಿಧಾನವಾದರೂ ಅದನ್ನೇ ಬಳಸಬೇಕು. ಒಳಗಿನ ಕುಳಿಯ ಆಳವನ್ನೂ ಅಳೆಯಿರಿ: ಪೆಟ್ಟಿಗೆಯಂತೆ ಮುಚ್ಚಿದ ಅಗ್ಗದ ಸ್ವಿಚ್ಚಿಗಿಂತ ತೆರೆದ ಚೌಕಟ್ಟಿನ ಒಳ್ಳೆಯ ಸ್ವಿಚ್ ಹೆಚ್ಚು ಆಳ ಬೇಡುತ್ತದೆ. ದೇಹದ ದಪ್ಪ 45 ಮಿ.ಮೀ.ಗಿಂತ ಎದ್ದು ಕಾಣುವಷ್ಟು ಕಡಿಮೆಯಿದ್ದರೆ ಅದು ಕುಳಿಯ ತಳಕ್ಕೆ ತಾಗುವ ಸಾಧ್ಯತೆಯಿದೆ. ಹಳೆಯ ನಾಬ್‌ಗಳು ಹೊಸ ಪಾಟಿನ ಹಲ್ಲಿಗೆ ಸರಿಹೊಂದದೇ ಇರಬಹುದು. ಅಳತೆ ಬೇರೆಯಾದರೆ ಬಲವಂತದಿಂದ ಒತ್ತಬೇಡಿ, ನಾಬ್ ಒಡೆಯುತ್ತದೆ.

ಸಿಂಗಲ್ ಕಾಯಿಲ್ ಪಿಕಪ್‌ಗಳಿಗೆ 250 ಕಿಲೋಓಮ್‌ನ ಪಾಟ್, ಹಂಬಕರ್ (ಎರಡು ಸುರುಳಿಯ ಪಿಕಪ್) ಇದ್ದರೆ 500. ಪಾಟಿನ ಬೆನ್ನಿನ ಮೇಲೆ ‘ಎ’ ಎಂದು ಮುದ್ರಿಸಿದ್ದರೆ ಅದು ಆಡಿಯೊ ಬಗೆ (ಕಿವಿಗೆ ಸಮನಾಗಿ ಏರಿಳಿಯುವಂಥದ್ದು), ‘ಬಿ’ ಎಂದಿದ್ದರೆ ಲೀನಿಯರ್. ವಾಲ್ಯೂಮಿಗೆ ಲೀನಿಯರ್ ಹಾಕಿದರೆ ನಾಬನ್ನು 10ರಿಂದ 3ರವರೆಗೆ ಇಳಿಸಿದರೂ ಧ್ವನಿಯಲ್ಲಿ ಹೆಚ್ಚು ವ್ಯತ್ಯಾಸ ಕೇಳುವುದಿಲ್ಲ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಮೂರೂ ‘ಎ’ ಇರಲಿ. ಟೋನ್ ಕೆಪಾಸಿಟರ್ (ನಾದದ ತೀಕ್ಷ್ಣತೆ ತಗ್ಗಿಸುವ ಬಿಡಿಭಾಗ) 0.022 ಅಥವಾ 0.047 ಮೈಕ್ರೋಫ್ಯಾರಡ್‌ನದು ಸಾಕು; ನನ್ನ ಆಯ್ಕೆ 0.022, ಏಕೆಂದರೆ ಟೋನನ್ನು ಪೂರ್ತಿ ಇಳಿಸಿದಾಗಲೂ ನಾದ ತೀರಾ ಮಂಕಾಗುವುದಿಲ್ಲ. ಎಣ್ಣೆಯಲ್ಲಿ ಅದ್ದಿದ ಕಾಗದದ ‘ಹಳೆಯ ಕಾಲದ’ ಕೆಪಾಸಿಟರ್ ಎಂದು ಹಲವು ಪಟ್ಟು ಬೆಲೆಗೆ ಮಾರುವುದನ್ನು ನಂಬಿ ಹಣ ಕಳೆಯಬೇಡಿ. ಬೆಲೆ ಉಳಿಸಬಾರದ ಭಾಗಗಳು ಎರಡೇ, ಸ್ವಿಚ್ ಮತ್ತು ಔಟ್‌ಪುಟ್ ಜ್ಯಾಕ್.

ಬಿಚ್ಚುವುದು ಮತ್ತು ಕುಳಿಗೆ ತಾಮ್ರ ಹೊದಿಸುವುದು

ತಂತಿಗಳನ್ನು ಸಡಿಲಿಸಿ ತೆಗೆಯಿರಿ, ಪಿಕ್‌ಗಾರ್ಡಿನ ಸ್ಕ್ರೂಗಳನ್ನು ಬಿಚ್ಚಿ ಅದನ್ನು ಮಗುಚಿ, ವೈರು ಕತ್ತರಿಸುವ ಮೊದಲು ಎರಡು ಮೂರು ಕೋನಗಳಿಂದ ಫೋಟೊ ತೆಗೆದುಕೊಳ್ಳಿ. ಪಿಕಪ್ಪಿನ ಸುರುಳಿಯಲ್ಲಿರುವ ತಾಮ್ರದ ಎಳೆಯ ದಪ್ಪ ಸುಮಾರು 0.06 ಮಿ.ಮೀ. ಮಾತ್ರ, ಸ್ಕ್ರೂಡ್ರೈವರ್ ಒಮ್ಮೆ ಜಾರಿ ಅದಕ್ಕೆ ತಗುಲಿದರೆ ಪಿಕಪ್ ಮುಗಿದಂತೆಯೇ. ಕೆಲಸ ಮುಗಿಯುವವರೆಗೆ ಸುರುಳಿಗಳ ಸುತ್ತ ಕಾಗದದ ಟೇಪ್ ಸುತ್ತಿಡಿ.

ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ ವಿದ್ಯುತ್ ಗದ್ದಲವನ್ನೆಲ್ಲ ಹಿಡಿದುಕೊಳ್ಳುತ್ತದೆ. ಕುಳಿಯ ಒಳಮೈಗೂ ಪಿಕ್‌ಗಾರ್ಡಿನ ಹಿಂಬದಿಗೂ ತಾಮ್ರದ ಟೇಪ್ ಅಂಟಿಸಿ ಅದನ್ನು ಗ್ರೌಂಡಿಗೆ (ಸಂಕೇತ ಮರಳುವ ಸಾಮಾನ್ಯ ವೈರಿಗೆ) ಸೇರಿಸಿದರೆ ಈ ಗದ್ದಲದ ಒಂದು ಭಾಗ ತಗ್ಗುತ್ತದೆ. ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರದಿಂದ ಬರುವ ಗುಂಯ್ ಸದ್ದು ಮಾತ್ರ ತಾಮ್ರಕ್ಕೆ ಬಗ್ಗುವುದಿಲ್ಲ ಎಂಬುದೂ ತಿಳಿದಿರಲಿ. ಟೇಪ್ ಕೊಳ್ಳುವಾಗ ಅದರ ಅಂಟೂ ವಿದ್ಯುತ್ ಹರಿಯಬಿಡುವಂಥದ್ದೇ ಎಂದು ನೋಡಿಕೊಳ್ಳಿ. ಮಾರಾಟಕ್ಕಿರುವ ಅಗ್ಗದ ಟೇಪ್‌ಗಳಲ್ಲಿ ಎಷ್ಟೋ ಹಾಗಿರುವುದಿಲ್ಲ. ಅಂಥವುಗಳಲ್ಲಿ ಪ್ರತಿ ಪಟ್ಟಿಯೂ ಪಕ್ಕದ ಪಟ್ಟಿಯಿಂದ ಬೇರೆಯಾಗಿಯೇ ಉಳಿದು ಹೊದಿಕೆ ಹೆಸರಿಗಷ್ಟೇ ಆಗುತ್ತದೆ. ಆಗ ಪಟ್ಟಿಗಳು ಕೂಡುವ ಕಡೆಯಲ್ಲೆಲ್ಲ ಒಂದೊಂದು ಚುಕ್ಕೆ ಸೋಲ್ಡರ್ (ಬೆಸುಗೆಗೆ ಕರಗಿಸುವ ಲೋಹ) ಹಾಕಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಗೋಂದಿನಿಂದ ಅಂಟಿಸುವ ಅಡ್ಡದಾರಿಯನ್ನೂ ಕಂಡಿದ್ದೇನೆ. ಅಲ್ಯೂಮಿನಿಯಮ್ಮಿಗೆ ಸಾಧಾರಣ ಸೋಲ್ಡರ್ ಹಿಡಿಯುವುದಿಲ್ಲ, ಬಿಟ್ಟುಬಿಡಿ.

ಪಾಟಿನ ಬೆನ್ನಿಗೆ ಬೆಸುಗೆ

ಕೆಲಸ ಕೆಡುವುದು ಇಲ್ಲಿಯೇ. ಗಿಟಾರಿನ ಗ್ರೌಂಡ್ ವೈರುಗಳೆಲ್ಲ ಬಂದು ಸೇರುವುದು ವಾಲ್ಯೂಮ್ ಪಾಟಿನ ಬೆನ್ನಿಗೆ. ಸ್ವಿಚ್ಚಿನ ಪುಟ್ಟ ಕಾಲಿಗೆ ವೈರು ಬೆಸೆಯುವುದು ಸ್ವಲ್ಪ ಅಭ್ಯಾಸದಿಂದ ಯಾರಿಗಾದರೂ ಬರುತ್ತದೆ, ಪಾಟಿನ ಬೆನ್ನು ಹಾಗಲ್ಲ. ಅದು ಅಗಲವಾದ ಲೋಹದ ತಗಡು, ಸೋಲ್ಡರ್ ಕರಗಿಸುವ ಬಿಸಿ ಕಡ್ಡಿಯಾದ ಐರನ್ ಕೊಟ್ಟ ಶಾಖವನ್ನು ಎಳೆದುಕೊಂಡು ಸುತ್ತಲೂ ಹರಡಿಬಿಡುತ್ತದೆ. 25 ವ್ಯಾಟಿನ, ಸೂಜಿಮೊನೆಯ ಐರನ್ ಹಿಡಿದವರು ಅರ್ಧ ನಿಮಿಷ ಒತ್ತಿ ಹಿಡಿದರೂ ತಗಡಿನ ಮೇಲ್ಮೈ ಬೇಕಾದಷ್ಟು ಕಾಯುವುದಿಲ್ಲ. ಅಷ್ಟರಲ್ಲಿ ಶಾಖ ಒಳಗಿಳಿದು, ಗ್ರೀಸ್ ಕರಗಿ, ಇಂಗಾಲದ ಪಟ್ಟಿ ಕೆಟ್ಟಿರುತ್ತದೆ. ಹೊಸ ಪಾಟ್ ಹಾಕಿದರೂ ಕರಕರ ಹೋಗಲಿಲ್ಲ ಎಂದು ದೂರುವವರಲ್ಲಿ ಅನೇಕರು ಅದನ್ನು ಬೆಸೆಯುವಾಗಲೇ ಬೇಯಿಸಿರುತ್ತಾರೆ.

ಬೇಕಾದದ್ದು 60 ವ್ಯಾಟಿನ ಆಸುಪಾಸಿನ, ಉಳಿಯಂತೆ ಚಪ್ಪಟೆ ತುದಿಯಿರುವ ಐರನ್. ತಾಪ ಬದಲಿಸುವ ಸೌಲಭ್ಯವಿದ್ದರೆ ಪಾಟಿನ ಬೆನ್ನಿಗೆ 380 ಡಿಗ್ರಿ ಸೆಲ್ಸಿಯಸ್, ಉಳಿದ ಕೆಲಸಕ್ಕೆ 350 ಇಟ್ಟುಕೊಳ್ಳಿ. ಸೋಲ್ಡರ್ ಶೇ 60 ತವರ, ಶೇ 40 ಸೀಸ ಇರುವ, ಒಳಗೆ ರೋಸಿನ್ ತುಂಬಿದ, 0.8 ಅಥವಾ 1 ಮಿ.ಮೀ.ನದು ಇರಲಿ, ಅದು 190 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗುತ್ತದೆ. ಕೊಳಾಯಿ ಕೆಲಸದ ಆಮ್ಲಯುಕ್ತ ಫ್ಲಕ್ಸನ್ನು (ಬೆಸುಗೆಗೆ ಮುನ್ನ ಲೋಹ ಶುಚಿಗೊಳಿಸುವ ಲೇಪ) ಗಿಟಾರಿನ ಹತ್ತಿರವೂ ತರಬೇಡಿ. ಮೊದಲ ದಿನ ಬೆಸುಗೆ ಚೆನ್ನಾಗಿಯೇ ಕಾಣುತ್ತದೆ, ತಿಂಗಳುಗಳು ಕಳೆದಂತೆ ತಾಮ್ರ ಹಸಿರುಗಟ್ಟಿ ವೈರು ಕಳಚಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟುಕೊಂಡು ಕೂರಿ; ಸೀಸ ಮುಟ್ಟಿದ ಕೈಯನ್ನು ಕೆಲಸ ಮುಗಿದ ಕೂಡಲೇ ಸೋಪಿನಿಂದ ತೊಳೆಯಿರಿ.

ಪಾಟ್‌ಗಳನ್ನು ನೇರವಾಗಿ ಪಿಕ್‌ಗಾರ್ಡಿಗೆ ಸಿಕ್ಕಿಸಿ ಬೆಸೆಯಬೇಡಿ. ಪಿಕ್‌ಗಾರ್ಡಿನ ರಂಧ್ರಗಳನ್ನು ದಪ್ಪ ರಟ್ಟಿನ ಮೇಲೆ ಗುರುತು ಮಾಡಿ, ರಟ್ಟಿನಲ್ಲಿ ತೂತು ಕೊರೆದು ಪಾಟ್, ಸ್ವಿಚ್ಚುಗಳನ್ನು ಅದರಲ್ಲಿ ಕೂರಿಸಿ ಕೆಲಸ ಮಾಡಿದರೆ, ಪ್ಲಾಸ್ಟಿಕ್ ಸುಡುವ ಭಯವಿಲ್ಲದೆ ವೈರುಗಳ ಉದ್ದವೂ ಸರಿಯಾಗಿ ಬರುತ್ತದೆ.

ಈಗ ಪಾಟಿನ ಬೆನ್ನಿನ ಅಂಚಿನ ಹತ್ತಿರ, ಬೆರಳ ತುದಿಯಷ್ಟು ಜಾಗವನ್ನು ಸ್ಯಾಂಡ್ ಪೇಪರಿನಿಂದ ಹೊಳಪು ಹೋಗಿ ಗೀರುಗಳು ಕಾಣುವವರೆಗೆ ಉಜ್ಜಿ. ಬಹಳ ಜನ ಬಿಟ್ಟುಬಿಡುವ ಈ ಒಂದು ಕೆಲಸದಿಂದಲೇ ಅರ್ಧ ತೊಂದರೆ ತಪ್ಪುತ್ತದೆ. ಐರನ್ನಿನ ತುದಿಯನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ, ಅದರ ಮೇಲೆ ಒಂದು ಹನಿ ಸೋಲ್ಡರ್ ಕರಗಿಸಿ, ಚಪ್ಪಟೆ ಮೈಯನ್ನು ಉಜ್ಜಿದ ಜಾಗದ ಮೇಲೆ ಮಲಗಿಸಿ. ಆ ಹನಿಯೇ ಐರನ್ನಿನಿಂದ ತಗಡಿಗೆ ಶಾಖ ದಾಟುವ ದಾರಿ. ಎರಡು ಸೆಕೆಂಡಿನ ನಂತರ ಸೋಲ್ಡರನ್ನು ಐರನ್ನಿಗಲ್ಲ, ಐರನ್ನಿನ ಪಕ್ಕದ ತಗಡಿಗೆ ಮುಟ್ಟಿಸಿ. ತಗಡು ಕಾದಿದ್ದರೆ ಅದು ತಾನಾಗಿ ಕರಗಿ, ಗೀರುಗಳ ಗುಂಟ ಹರಿದು, ಬೆಳ್ಳಿಯ ಬಣ್ಣದ ತೆಳು ಮಚ್ಚೆಯಾಗಿ ಹರಡುತ್ತದೆ. ಹರಡದೆ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತರೆ ತಗಡು ಇನ್ನೂ ತಣ್ಣಗಿದೆ, ಇಲ್ಲವೇ ಕೊಳಕಾಗಿದೆ ಎಂದರ್ಥ. ಮೇಲಿಂದ ಮೇಲೆ ಸೋಲ್ಡರ್ ಸುರಿಯದೆ ಐರನ್ ತೆಗೆದು, ಆರಲು ಬಿಟ್ಟು, ಮತ್ತೆ ಉಜ್ಜಿ ಶುರುಮಾಡಿ. ಒಮ್ಮೆಗೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಶಾಖ ಕೊಡಬಾರದು.

ಮಚ್ಚೆ ಸಿದ್ಧವಾದ ಮೇಲೆ ವೈರಿನ ತುದಿಯ ಎಳೆಗಳನ್ನು ಹೊಸೆದು ಅದಕ್ಕೂ ಸೋಲ್ಡರ್ ಕುಡಿಸಿ, ಮಚ್ಚೆಯ ಮೇಲಿಟ್ಟು, ಐರನ್ನಿನಿಂದ ಒತ್ತಿ. ಎರಡೂ ಕರಗಿ ಒಂದಾದ ಕ್ಷಣವೇ ಐರನ್ ತೆಗೆಯಿರಿ. ವೈರನ್ನು ಮಾತ್ರ ಇಕ್ಕುಳದಿಂದ ಅಲುಗದಂತೆ ಹಿಡಿದೇ ಇರಿ. ಬೇಗ ಆರಲೆಂದು ಊದಬೇಡಿ. ಗಟ್ಟಿಯಾಗುವ ಮೊದಲು ವೈರು ಅಲುಗಿದರೆ ಮೇಲ್ಮೈ ಮಂಕಾಗಿ ತರಿತರಿಯಾಗುತ್ತದೆ, ಅಂಥ ಬೆಸುಗೆಯನ್ನು ಮತ್ತೆ ಕಾಯಿಸಲೇಬೇಕು. ಆರಿದ ಮೇಲೆ ವೈರನ್ನು ಸ್ವಲ್ಪ ಜೋರಾಗಿಯೇ ಎಳೆದು ನೋಡಿ. ಕಿತ್ತು ಬರುವುದಿದ್ದರೆ ಈಗಲೇ ಬರಲಿ.

ಬೆಸುಗೆಯೇ ಬೇಡ, ಸ್ಕ್ರೂ ಬಿಗಿದರೆ ಸಾಕು ಎನ್ನುವ ಸಿದ್ಧ ಕಿಟ್‌ಗಳೂ ಸಿಗುತ್ತವೆ. ಅವು ಕೆಲಸ ಮಾಡುವುದು ನಿಜ, ಆದರೆ ಮುಂದೆ ಒಂದು ಕೆಪಾಸಿಟರ್ ಬದಲಿಸಲೂ ಅದೇ ತಯಾರಕರ ಭಾಗವನ್ನೇ ಹುಡುಕಬೇಕಾಗಬಹುದು.

ವೈರುಗಳ ಜೋಡಣೆ

ಪಾಟಿನ ಬೆನ್ನು ನಿಮ್ಮ ಕಡೆಗೂ ಮೂರು ಕಾಲುಗಳು ಕೆಳಕ್ಕೂ ಇರುವಂತೆ ಹಿಡಿದರೆ, ವಾಲ್ಯೂಮಿನ ಎಡಗಾಲಿಗೆ ಸ್ವಿಚ್ಚಿನಿಂದ ಬರುವ ವೈರು, ನಡುವಿನದಕ್ಕೆ ಜ್ಯಾಕಿಗೆ ಹೋಗುವ ವೈರು. ಬಲಗಾಲನ್ನು ಬಗ್ಗಿಸಿ ಬೆನ್ನಿಗೇ ಬೆಸೆಯಬೇಕು. ಮೂರು ಪಿಕಪ್‌ಗಳ ಬಿಸಿ ವೈರುಗಳು (ಸಂಕೇತ ಸಾಗಿಸುವವು) ಸ್ವಿಚ್ಚಿನ ಮೂರು ಕಾಲುಗಳಿಗೆ, ಅವುಗಳ ಗ್ರೌಂಡ್ ವೈರುಗಳು ಪಾಟಿನ ಬೆನ್ನಿಗೆ. ಸ್ವಿಚ್ಚಿನ ಕಾಲುಗಳ ಕ್ರಮ ಒಂದೊಂದು ಬಗೆಯಲ್ಲಿ ಒಂದೊಂದು ರೀತಿ ಇರುವುದರಿಂದ ನಕ್ಷೆಯನ್ನು ಕಣ್ಣುಮುಚ್ಚಿ ನಂಬದೆ, ಯಾವ ಸ್ಥಾನದಲ್ಲಿ ಯಾವ ಕಾಲುಗಳು ಕೂಡುತ್ತವೆ ಎಂಬುದನ್ನು ಮಲ್ಟಿಮೀಟರಿನಿಂದ ನೋಡಿಕೊಳ್ಳಿ. ಹಳೆಯ ವಿನ್ಯಾಸದಲ್ಲಿ ಬ್ರಿಜ್ ಪಿಕಪ್ಪಿಗೆ (ದೇಹದ ಮೇಲೆ ತಂತಿಗಳು ಕೂರುವ ಬ್ರಿಜ್ ಎಂಬ ಭಾಗದ ಪಕ್ಕದ್ದಕ್ಕೆ) ಟೋನ್ ನಿಯಂತ್ರಣವೇ ಇರಲಿಲ್ಲ. ಮೂರರಲ್ಲಿ ಅತಿ ತೀಕ್ಷ್ಣವಾದದ್ದು ಅದೇ ಆಗಿರುವಾಗ ಇದು ವಿಚಿತ್ರವೇ ಸರಿ. ಸ್ವಿಚ್ಚಿನ ಟೋನ್ ಬದಿಯಲ್ಲಿ ನಡುವಿನ ಪಿಕಪ್ ಮತ್ತು ಬ್ರಿಜ್ ಪಿಕಪ್ ಕಾಲುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದರೆ ಎರಡನೆಯ ಟೋನ್ ಎರಡಕ್ಕೂ ದಕ್ಕುತ್ತದೆ, ಇದನ್ನು ಮಾಡಲೇಬೇಕು.

ಬ್ರಿಜ್‌ನಿಂದ ಬರುವ ಗ್ರೌಂಡ್ ವೈರನ್ನು ಮರೆಯಬೇಡಿ. ಟ್ರೆಮೊಲೊ (ಶ್ರುತಿ ಏರಿಳಿಸುವ ಸನ್ನೆ) ಇರುವ ಗಿಟಾರಿನಲ್ಲಿ ಅದು ಹಿಂಬದಿಯ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಬೆಸೆದಿರುತ್ತದೆ. ಜ್ಯಾಕಿನಲ್ಲಿ ಉದ್ದನೆಯ ಬಾಗಿದ ನಾಲಗೆಗೆ ಬಿಸಿ ವೈರು, ಒಳಗಿನ ಉಂಗುರಕ್ಕೆ ಗ್ರೌಂಡ್. ಇವೆರಡು ಅದಲುಬದಲಾದರೆ ತಂತಿ ಮುಟ್ಟಿದಾಗ ಗದ್ದಲ ತಗ್ಗುವ ಬದಲು ಹೆಚ್ಚುತ್ತದೆ.

ಮುಚ್ಚುವ ಮುನ್ನ ಪರೀಕ್ಷೆ

ಜ್ಯಾಕಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಯ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿಯಿರಿ. ಪಿಕಪ್‌ಗಳು ತಲಾ 6 ಕಿಲೋಓಮ್‌ನವಾದರೆ ಸ್ವಿಚ್ಚಿನ ಒಂದು, ಮೂರು, ಐದನೆಯ ಸ್ಥಾನಗಳಲ್ಲಿ ಆರಕ್ಕಿಂತ ತುಸು ಕಡಿಮೆ, ಎರಡು ಮತ್ತು ನಾಲ್ಕರಲ್ಲಿ ಸುಮಾರು 3 ತೋರಿಸಬೇಕು. ಎರಡು ಪಿಕಪ್‌ಗಳು ಸಮಾಂತರವಾಗಿ ಕೂಡುವುದರಿಂದ ಅರ್ಧವಾಗುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೆ ಸೊನ್ನೆಯ ಹತ್ತಿರ ಬರಬೇಕು. ಯಾವುದಾದರೂ ಸ್ಥಾನದಲ್ಲಿ 250ರ ಆಸುಪಾಸು ಕಂಡರೆ ಆ ಪಿಕಪ್ಪಿನ ವೈರು ಎಲ್ಲೋ ಕೂಡಿಲ್ಲ. ಬ್ರಿಜ್ ಮತ್ತು ತಾಮ್ರದ ಹೊದಿಕೆಯಿಂದ ಪ್ಲಗ್ಗಿನ ಗ್ರೌಂಡ್ ಭಾಗಕ್ಕೆ ಒಂದು ಓಮ್‌ಗಿಂತ ಹೆಚ್ಚು ಬರಬಾರದು.

ನಂತರ ಆಂಪ್ಲಿಫೈಯರಿಗೆ ಜೋಡಿಸಿ, ಧ್ವನಿ ತಗ್ಗಿಸಿಟ್ಟು, ಸ್ಕ್ರೂಡ್ರೈವರಿನ ತುದಿಯಿಂದ ಪ್ರತಿ ಪಿಕಪ್ಪನ್ನೂ ಮೆಲ್ಲಗೆ ತಟ್ಟಿ, ಸ್ವಿಚ್ಚಿನ ಸ್ಥಾನಕ್ಕೆ ತಕ್ಕ ಪಿಕಪ್ಪೇ ‘ಟಕ್’ ಎನ್ನುತ್ತದೆಯೇ ಕೇಳಿ. ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥ್ ಪಿನ್ ಸರಿಯಾಗಿರಲೇಬೇಕು; ನಿಮ್ಮ ಕೈಯಲ್ಲಿರುವ ತಂತಿಗಳು ಅದಕ್ಕೇ ಸೇರಿವೆ. ಎರಡು ಅಥವಾ ನಾಲ್ಕನೆಯ ಸ್ಥಾನದಲ್ಲಿ ಮಾತ್ರ ಧ್ವನಿ ತೀರಾ ಸಣ್ಣಗೆ, ಮೂಗಿನಿಂದ ಬಂದಂತೆ ಕೇಳಿದರೆ ಒಂದು ಪಿಕಪ್ ಉಳಿದವಕ್ಕೆ ವಿರುದ್ಧ ಫೇಸಿನಲ್ಲಿದೆ, ಅಂದರೆ ಅದರ ಸಂಕೇತ ತಲೆಕೆಳಗಾಗಿದೆ. ಅದರ ಎರಡು ವೈರುಗಳನ್ನು ಪರಸ್ಪರ ಬದಲಿಸಿ.

ಎಲ್ಲ ಸರಿಯಿದ್ದರೆ ಭಾಗಗಳನ್ನು ರಟ್ಟಿನಿಂದ ಪಿಕ್‌ಗಾರ್ಡಿಗೆ ವರ್ಗಾಯಿಸಿ. ಸ್ವಿಚ್ ಮತ್ತು ಜ್ಯಾಕಿನ ಕಾಲುಗಳು ತಾಮ್ರಕ್ಕೆ ತಾಗದಂತೆ ಎದುರಿನ ಗೋಡೆಗೆ ಇನ್ಸುಲೇಷನ್ ಟೇಪ್ ಅಂಟಿಸಿ ಮುಚ್ಚಿ. ಹೊಸ ತಂತಿ ಹಾಕಿ, ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ದಪ್ಪ ತಂತಿಯ ಕಡೆ ಸುಮಾರು 3 ಮಿ.ಮೀ., ತೆಳು ತಂತಿಯ ಕಡೆ ಸುಮಾರು 2 ಮಿ.ಮೀ. ಅಂತರ ತಂತಿಗೂ ಪಿಕಪ್ಪಿಗೂ ನಡುವೆ ಉಳಿಯುವಂತೆ ಪಿಕಪ್‌ಗಳ ಎತ್ತರ ಇಟ್ಟುಕೊಂಡು ನುಡಿಸಿ ನೋಡಿ. ದಪ್ಪ ತಂತಿಯನ್ನು ದೇಹದ ಕಡೆಯ ಫ್ರೆಟ್ಟುಗಳಲ್ಲಿ ಒತ್ತಿದಾಗ ಸ್ವರ ನಡುಗಿ ಎರಡೆರಡು ಶ್ರುತಿ ಕೇಳಿಸಿದರೆ ಆಯಸ್ಕಾಂತ ತಂತಿಯನ್ನು ಎಳೆಯುತ್ತಿದೆ ಎಂದು ತಿಳಿದು, ಆ ಬದಿಯ ಸ್ಕ್ರೂವನ್ನು ಅರ್ಧರ್ಧ ಸುತ್ತು ಇಳಿಸುತ್ತ ಹೋಗಿ.