ಭತ್ತದ ಗದ್ದೆಗೆ ಮಷಿನ್ ಇಳಿಸುವ ಮುನ್ನ

ನವೆಂಬರ್ ಅರ್ಧ ಕಳೆಯಿತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರಸ್ತೆಗಳಲ್ಲಿ ಕಟಾವು ಮಷಿನ್‌ಗಳದೇ ಓಡಾಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತದೆ, ಎಲ್ಲರಿಗೂ ಒಂದೇ ವಾರದಲ್ಲಿ ಮಷಿನ್ ಬೇಕು. ಬಾಡಿಗೆ ಗಂಟೆ ಲೆಕ್ಕದ್ದು. ಆ ಗಂಟೆಗಳು ಉಳಿಯುವುದು ಮಷಿನ್ ಬಂದ ದಿನದ ಗಡಿಬಿಡಿಯಿಂದಲ್ಲ, ಹತ್ತು ದಿನ ಮೊದಲು ಮಾಡಿಟ್ಟ ಕೆಲಸದಿಂದ.

ಮೊದಲು ನೀರು ಬಸಿಯಿರಿ

ತೆನೆಯ ನೂರು ಕಾಳಲ್ಲಿ 80–85 ಹೊಂಬಣ್ಣಕ್ಕೆ ತಿರುಗಿದರೆ ಬೆಳೆ ಕೊಯ್ಲಿಗೆ ಬಂದಂತೆ. ಅದಕ್ಕೆ 7ರಿಂದ 10 ದಿನ ಮುಂಚೆಯೇ ಗದ್ದೆಯ ನೀರು ಬಿಟ್ಟುಬಿಡಬೇಕು. ನಮ್ಮ ಮಡಿ ಒಣಗಿದರಷ್ಟೇ ಸಾಲದು, ಮೇಲಿನ ಗದ್ದೆಯ ನೀರು ಬದು ಸೋಸಿ ಬರುತ್ತಿದೆಯೇ ಎಂದೂ ನೋಡಬೇಕು. ಒಂದು ವರ್ಷ ನಾನು ಇದನ್ನು ನೋಡದೆ ಬಿಟ್ಟೆ. ತಗ್ಗಿನ ಮೂಲೆಯಲ್ಲಿ ಮಷಿನ್ ಹೂತುಕೊಂಡು, ಟ್ರ್ಯಾಕ್ಟರ್ ಕಟ್ಟಿ ಎಳೆಯುವಷ್ಟರಲ್ಲಿ ಅರ್ಧ ದಿನ ಹೋಯಿತು.

ಬರಿಗಾಲಲ್ಲಿ ಗದ್ದೆ ತುಂಬ ಓಡಾಡಿ. ಹಿಮ್ಮಡಿ ಹೂಳದಿದ್ದರೆ ಟೈರ್ ಮಷಿನ್ ನಡೆಯುತ್ತದೆ. ಕೆಸರಿದ್ದರೆ ಚೈನ್ ಮಷಿನ್ನೇ ಬೇಕು. ಅದರ ಭಾರ ಅಗಲವಾದ ಪಟ್ಟಿಯ ಮೇಲೆ ಹಂಚಿಹೋಗುವುದರಿಂದ ಹೂಳುವುದು ಕಡಿಮೆ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳುವುದಿದ್ದರೂ, ಖಾಸಗಿಯವರನ್ನು ಗೊತ್ತು ಮಾಡುವುದಿದ್ದರೂ ಈ ಪರೀಕ್ಷೆ ಮುಗಿಸಿಯೇ ಹೋಗಿ.

ದಾರಿ ನೋಡಿಡಿ

ದೊಡ್ಡ ಟೈರ್ ಮಷಿನ್‌ಗಳ ಕಟರ್ ಸುಮಾರು 14 ಅಡಿ ಅಗಲ ಇರುತ್ತದೆ. ಕಾಲುವೆಯ ಸೇತುವೆ, ಹೊಲದ ದಾರಿ ಅಳೆದಿಡಿ. ಜೋತುಬಿದ್ದ ವಿದ್ಯುತ್ ತಂತಿ ಇದ್ದರೆ ಅದರ ಕೆಳಗೆ ಮಷಿನ್ ನಿಲ್ಲಿಸಿ ಕಾಳು ಸುರಿಯಲು ಬಿಡಲೇಬೇಡಿ. ಕಲ್ಲು, ಗೂಟ, ಪೈಪು ಇರುವ ಕಡೆ ಬಟ್ಟೆ ಕಟ್ಟಿದ ಕೋಲು ನೆಡಿ. ನಾಲ್ಕೂ ಮೂಲೆಗಳನ್ನು ಕುಡುಗೋಲಿನಿಂದ ಮೊದಲೇ ಕೊಯ್ದಿಟ್ಟರೆ ಮಷಿನ್ ತಿರುಗುವಾಗ ತೆನೆ ತುಳಿದುಹೋಗುವುದಿಲ್ಲ.

ಕೊಯ್ಲಿನ ದಿನ

ಇಬ್ಬನಿ ಆರುವ ತನಕ ಕಾಯಿರಿ. ಒದ್ದೆ ಹುಲ್ಲು ಮಷಿನ್ ಒಳಗೆ ಕಾಳು ಬಿಡಿಸುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಾಳೂ ಸರಿಯಾಗಿ ಉದುರುವುದಿಲ್ಲ. ಮಷಿನ್ ಒಳಗೆ ಹಿಂದಿನ ಹೊಲದ ಕಾಳು, ಕಳೆಬೀಜ ಉಳಿದಿರುತ್ತವೆ. ಕೆಳಗಿನ ಮುಚ್ಚಳ ತೆಗೆಸಿ, ಸ್ವಲ್ಪ ಹೊತ್ತು ಖಾಲಿ ಓಡಿಸಲು ಹೇಳಿ. ಬಿತ್ತನೆಗೆ ಭತ್ತ ಎತ್ತಿಡುವವರು ಇದನ್ನು ತಪ್ಪಿಸಲೇಬಾರದು.

ಒಂದು ಸುತ್ತು ಮುಗಿದ ಕೂಡಲೇ ನಿಲ್ಲಿಸಿ. ಕೊಯ್ದ ಜಾಗದಲ್ಲಿ ಒಂದು ಮೀಟರ್ ಚೌಕ ಗುರುತು ಮಾಡಿ, ಹುಲ್ಲು ಸರಿಸಿ, ಬಿದ್ದ ಕಾಳು ಎಣಿಸಿ. ಸೋನಾ ಮಸೂರಿಯಂಥ ಸಣ್ಣ ಭತ್ತದ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತವೆ. ಚೌಕದಲ್ಲಿ 100 ಕಾಳು ಸಿಕ್ಕರೆ ಎಕರೆಗೆ 6 ಕೆ.ಜಿ. ಹೋದಂತೆ, 500 ಸಿಕ್ಕರೆ 30 ಕೆ.ಜಿ. ಹುಲ್ಲಿನ ಸಾಲು ಬಿದ್ದ ಕಡೆ ಕಾಳು ಹೆಚ್ಚು ಸಿಗುತ್ತದೆ, ಆದ್ದರಿಂದ ಮೂರ್ನಾಲ್ಕು ಕಡೆ ಎಣಿಸಿ ಸರಾಸರಿ ಹಿಡಿಯಿರಿ.

ಹುಲ್ಲಿನ ತೆನೆಯಲ್ಲೇ ಕಾಳು ಉಳಿದಿದ್ದರೆ ಡ್ರಮ್ಮಿನ ವೇಗ ಸಾಲದು, ಇಲ್ಲವೆ ಅದರ ಕೆಳಗಿನ ಜಾಲರಿಯ ಸಂದು ಅಗಲವಾಗಿದೆ. ಟ್ಯಾಂಕಿನಲ್ಲಿ ಸಿಪ್ಪೆ ಸುಲಿದ ಅಕ್ಕಿ, ನುಚ್ಚು ಕಂಡರೆ ಇದರ ತಿರುಗುಮುರುಗು. ಜೊಳ್ಳು ಹೆಚ್ಚಾಗಿ ಬಂದರೆ ಮಷಿನ್ ಫ್ಯಾನಿನ ಗಾಳಿ ಏರಿಸಬೇಕು. ಗಟ್ಟಿಕಾಳು ಹಿಂದಕ್ಕೆ ಹಾರಿಹೋಗುತ್ತಿದ್ದರೆ ಗಾಳಿ ತಗ್ಗಿಸಬೇಕು, ಮಷಿನ್ ಓಡುವ ವೇಗವನ್ನೂ ಇಳಿಸಬೇಕು. ಗಂಟೆ ಬಾಡಿಗೆಯ ಚಿಂತೆಯಲ್ಲಿ ‘ಬೇಗ ಓಡಿಸಪ್ಪ’ ಎಂದು ಡ್ರೈವರ್‌ಗೆ ಅವಸರ ಮಾಡುವವರು ನಾವೇ. ಅಲ್ಲಿ ಉಳಿಸಿದ ಬಾಡಿಗೆಗಿಂತ ನೆಲಕ್ಕೆ ಸುರಿದ ಭತ್ತದ ಬೆಲೆಯೇ ಹೆಚ್ಚಾಗಬಹುದು.

ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಪೂರ್ತಿ ಬಂದ್ ಮಾಡಿ, ಎಲ್ಲ ತಿರುಗುವುದು ನಿಂತ ಮೇಲೆಯೇ ಕೈ ಹಾಕಬೇಕು. ಮಕ್ಕಳನ್ನು ಗದ್ದೆಯ ಹತ್ತಿರ ಬಿಡಬೇಡಿ.

ಟ್ರಾಲಿ, ಕಣ, ಲಾರಿ

ಒಂದು ಟ್ರಾಲಿ ಕಣಕ್ಕೆ ಹೋದಾಗ ಇನ್ನೊಂದು ಬದುವಿನ ಹತ್ತಿರ ಗಟ್ಟಿ ನೆಲದಲ್ಲಿ ನಿಂತಿರಲಿ, ಮಷಿನ್ ಕಾಯುವ ಹೊತ್ತೂ ಬಾಡಿಗೆ ಓಡುತ್ತದೆ. ಟ್ರಾಲಿಯ ಸಂದುಗಳಿಗೆ ತಾಡಪಾಲು ಹಾಸಿ. ಟ್ರ್ಯಾಕ್ಟರ್‌ನ ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಗದ್ದೆಯಲ್ಲಿ ಬಿಡಿಸಿಟ್ಟಿದ್ದರೆ, ರಸ್ತೆ ಹತ್ತುವ ಮುನ್ನ ಕೊಂಡಿ ಹಾಕಿ ಜೋಡಿಸಲೇಬೇಕು. ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ತುಂಬಿದ ಟ್ರಾಲಿ ಸಮೇತ ಪಲ್ಟಿಯಾಗುವ ಅಪಾಯ ಇದೆ. ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರಾಲಿಯನ್ನು ಕತ್ತಲಾದ ಮೇಲೆ ರಸ್ತೆಗೆ ಇಳಿಸಬೇಡಿ.

ಕೊಯ್ದಾಗ ಭತ್ತದ ತೇವಾಂಶ ಸಾಮಾನ್ಯವಾಗಿ ಶೇ 20ರಿಂದ 24 ಇರುತ್ತದೆ. ರಾಶಿಯಲ್ಲಿ ಹಾಗೇ ಬಿಟ್ಟರೆ ಕಾವು ಹುಟ್ಟಿ ಕಾಳು ಹಳದಿಯಾಗುತ್ತದೆ. ಅಂದೇ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ. ಡಾಂಬರು ರಸ್ತೆಯಲ್ಲಿ ಮಾತ್ರ ಹರಡಬೇಡಿ, ರಾತ್ರಿ ಬೈಕ್ ಸವಾರರ ಜೀವ ಹೋಗುತ್ತದೆ. ಸರ್ಕಾರಿ ಖರೀದಿಗೆ ತೇವಾಂಶದ ಮಿತಿ ಶೇ 17. ಮನೆಯಲ್ಲಿ ಕೂಡಿಡುವುದಾದರೆ ಶೇ 14ಕ್ಕೆ ಇಳಿಸಿ.

ಒಣಗಿದಷ್ಟೂ ತೂಕ ಇಳಿಯುತ್ತದೆ. ಶೇ 22 ತೇವಾಂಶದ 75 ಕೆ.ಜಿ. ಚೀಲ ಶೇ 14ಕ್ಕೆ ಬಂದಾಗ ಸುಮಾರು 68 ಕೆ.ಜಿ. ಆಗುತ್ತದೆ. ಹಸಿ ಭತ್ತಕ್ಕೆ ವ್ಯಾಪಾರಿ ಹೇಳುವ ದರವನ್ನು ಈ ಲೆಕ್ಕದೊಂದಿಗೆ ತೂಗಿ ನೋಡಿ, ಮಾರಬೇಕೋ ಒಣಗಿಸಬೇಕೋ ನಿರ್ಧರಿಸಿ. ಲಾರಿ ತುಂಬುವ ಮುನ್ನ ಖಾಲಿ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಮ್ಮ ಕಣ್ಣೆದುರೇ ತೂಗಿಸಿ, ಆ ಚೀಟಿಯ ಒಂದು ಪ್ರತಿ ನಿಮ್ಮ ಜೇಬಿನಲ್ಲಿರಲಿ.