ಮೂರನೇ ಭಾನುವಾರ ಓಡಿಹೋದವನ ಪ್ರೇಮಕಥೆ

ಕ್ರಿಸ್‌ಮಸ್ ರಜೆಗೆ ಊರಿಗೆ ಬರುವ ನಮ್ಮ ಚಿಕ್ಕಮ್ಮನ ಮಕ್ಕಳು ಎರಡು ದಿನ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುತ್ತಾರೆ, ಮೂರನೇ ದಿನ ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಅವರಿಗೆ ಓದಿಸಬೇಕು ಅಂತಲೇ ನಾನೊಂದು ಪ್ರೇಮಕಾದಂಬರಿ ಬರೆದೆ. ಸಕಲೇಶಪುರದ ಕಡೆಯ ಸಣ್ಣ ಊರು, ಕಾಫಿ ತೋಟ, ಒಂದು ಚರ್ಚು. ಹತ್ತು ವರ್ಷದ ಹಿಂದೆ ಬಿಟ್ಟುಹೋದವನು ವಾಪಸ್ ಬರುತ್ತಾನೆ. ಇಷ್ಟೇ ಕಥೆ.

ಮೊದಲ ಕರಡಿನಲ್ಲಿ ನಾಯಕಿಗೆ ಕೇಕ್ ಅಂಗಡಿ ಇತ್ತು. ಇಂಗ್ಲಿಷಿನ ರಜೆ ಕಾದಂಬರಿಗಳಲ್ಲಿ ಇರುತ್ತಲ್ಲ, ಹಾಗೆ. ಅಯ್ಯಂಗಾರ್ ಬೇಕರಿಗಳ ತವರೇ ಹಾಸನ ಜಿಲ್ಲೆ. ಇಲ್ಲಿ ಇವಳ ಕೇಕ್ ಯಾರು ಕೊಳ್ತಾರೆ ಅಂತ ನನಗೇ ನಗು ಬಂತು. ಅವಳನ್ನು ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವಳನ್ನಾಗಿ ಮಾಡಿದೆ. ಆಗ ಬೇರೆ ತೊಂದರೆ. ಡಿಸೆಂಬರ್ ಅಂದರೆ ಅರೇಬಿಕಾ ಕುಯ್ಲು. ತೋಟದಲ್ಲೇ ಲೆಕ್ಕ ಬರೆಯುವ ನಮ್ಮಣ್ಣ ಕರಡು ಓದಿ, "ಹಣ್ಣಿನ ಸೀಸನ್‌ನಲ್ಲಿ ಮಟಮಟ ಮಧ್ಯಾಹ್ನ ಹೊಳೆ ದಂಡೇಲಿ ಕೂತಿದಾಳಲ್ಲೇ, ಇವಳಿಗೆ ಸಂಬಳ ಯಾರು ಕೊಡ್ತಾರೆ?" ಅಂದ.

ಹೊಳೆ ಹೋಯಿತು. ಈಗ ಅವರು ಎದುರಾಗುವುದು ಸಂಜೆ ಹಣ್ಣು ತೂಗುವ ಹೊತ್ತಿನಲ್ಲಿ. ಆಳುಗಳು ಚೀಲ ಇಳಿಸುತ್ತಾರೆ, ಅವಳು ಹೆಸರು ಕೂಗಿ ಕೆಜಿ ಬರೆದುಕೊಳ್ಳುತ್ತಾಳೆ. ಅವನು ಬಂದು ನಿಂತದ್ದು ಗೊತ್ತಾಗುತ್ತೆ, ಆದರೆ ತಲೆ ಎತ್ತುವುದಿಲ್ಲ. 42 ಅಂತ ಬರೆಯಬೇಕಾದ ಕಡೆ 24 ಅಂತ ಬರೆಯುತ್ತಾಳೆ. ಹಣ್ಣು ಕುಯ್ದ ಹೆಂಗಸು ಜಗಳಕ್ಕೆ ಬರುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಪುಟ ಅದು.

ಶೆಟ್ಟಿಹಳ್ಳಿಯ ಮುಳುಗು ಚರ್ಚನ್ನೂ ತರಬೇಕು ಅಂತ ಆಸೆ ಇತ್ತು. ಮಳೆ ಚೆನ್ನಾಗಾದ ವರ್ಷ ಡಿಸೆಂಬರಿನಲ್ಲಿ ಹೇಮಾವತಿ ಅಣೆಕಟ್ಟಿನ ಹಿನ್ನೀರು ಅಲ್ಲಿಂದ ಪೂರ್ತಿ ಇಳಿದಿರುವುದಿಲ್ಲ. ಮೇಲಾಗಿ ಮದುವೆ ಫೋಟೋಗೆ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಬಿಟ್ಟೆ.

ಕ್ಯಾಲೆಂಡರ್ ಮಾತ್ರ ತುಂಬಾ ಸಹಾಯ ಮಾಡಿತು. 2024ರಲ್ಲಿ ಆಗಮನ ಕಾಲ, ಅಂದರೆ ಕ್ರಿಸ್‌ಮಸ್‌ಗೆ ಸಿದ್ಧವಾಗುವ ವಾರಗಳು, ಶುರುವಾದದ್ದು ಸರಿಯಾಗಿ ಡಿಸೆಂಬರ್ 1ಕ್ಕೆ. ನಾಲ್ಕು ಭಾನುವಾರ, ನಾಲ್ಕು ಭಾಗ. ಫಾದರ್ ನೇರಳೆ ಬಟ್ಟೆ ಹಾಕುತ್ತಾರೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಅನ್ನುವ ಸ್ತುತಿಗೀತೆ ಹಾಡುವುದಿಲ್ಲ. ನಾಯಕಿ ಹಾಡುವವಳು, ಅವಳಿಗೆ ಆ ಮೌನ ಚೆನ್ನಾಗಿ ಒಪ್ಪಿತು. ಆದರೆ ನಾನು ಮದುವೆಯನ್ನು ಡಿಸೆಂಬರ್ 20ಕ್ಕೆ ಇಟ್ಟಿದ್ದೆ! "ಆಗಮನ ಕಾಲದಲ್ಲಿ ಮದುವೆನಾ?" ಅಂತ ಅಮ್ಮ ಹುಬ್ಬೇರಿಸಿದರು. ನಮ್ಮ ಕಡೆ ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಮದುವೆ ಜನವರಿಗೆ ಹೋಯಿತು.

ನಿಜವಾಗಿ ಕಾಡಿದ್ದು ಕ್ಷಮೆ. ಕ್ಯಾಥೊಲಿಕ್ ಮದುವೆಗೆ ಮುಂಚೆ ನಮ್ಮ ಚರ್ಚಿನಲ್ಲಿ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ, ಇಂಥವರಿಬ್ಬರ ಮದುವೆ, ಅಡ್ಡಿ ಇದ್ದರೆ ಹೇಳಿ ಅಂತ. ನನ್ನ ನಾಯಕ ಎರಡು ಸಲ ಓದಿದ ಮೇಲೆ, ಮೂರನೇ ಭಾನುವಾರ ಬೆಳಗ್ಗೆ ಬೆಂಗಳೂರು ಬಸ್ ಹತ್ತಿದವನು. ಊರಿಗೆ ಊರೇ ಕೇಳಿಸಿಕೊಂಡ ಅವಮಾನ ಅದು. ಮೊದಲ ಕರಡಿನಲ್ಲಿ ಅವನು ಫಾದರ್ ಹತ್ತಿರ ಪಾಪನಿವೇದನೆ ಮಾಡಿ, ಅತ್ತು, ಹೊರಗೆ ಬಂದ ಕೂಡಲೇ ಅವಳು ಕೈ ಹಿಡಿಯುತ್ತಿದ್ದಳು. ಗೆಳತಿಯೊಬ್ಬಳು ಕೇಳಿದಳು: "ದೇವರು ಕ್ಷಮಿಸಿದ ಅಂತ ಇವಳೂ ಕ್ಷಮಿಸಿಬಿಡಬೇಕಾ?"

ಉತ್ತರ ಇರಲಿಲ್ಲ. ಬೈಬಲಿನಲ್ಲಿ ಲೂಕನ 15ನೇ ಅಧ್ಯಾಯ ತೆಗೆದು ಮತ್ತೆ ಓದಿದೆ. ದಾರಿತಪ್ಪಿದ ಕಿರಿಮಗನನ್ನು ಅಪ್ಪ ಓಡಿಬಂದು ಅಪ್ಪಿಕೊಳ್ಳುತ್ತಾನೆ, ಅದು ಎಲ್ಲರಿಗೂ ಗೊತ್ತು. ಮನೆಯಲ್ಲೇ ಇದ್ದು ದುಡಿದ ಹಿರಿಮಗ ಸಿಟ್ಟಾಗಿ ಬಾಗಿಲಾಚೆ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನಾ? ಯೇಸು ಹೇಳುವುದೇ ಇಲ್ಲ, ಕಥೆ ಅಲ್ಲಿಗೇ ನಿಲ್ಲುತ್ತೆ. ನನ್ನ ನಾಯಕಿ ಆ ಹಿರಿಮಗ ಅಂತ ಹೊಳೆದ ಮೇಲೆ ಮೂರನೇ ಭಾಗ ಪೂರ್ತಿ ಹರಿದು ಹೊಸದಾಗಿ ಬರೆದೆ. ಕ್ರಿಸ್‌ಮಸ್ ರಾತ್ರಿ ಗ್ಲೋರಿಯಾ ಬರುತ್ತೆ, ಗಂಟೆ ಹೊಡೆಯುತ್ತೆ, ಅವಳು ಹಾಡುತ್ತಾಳೆ. ಅವನಿಗೆ ಮಾತ್ರ ಉತ್ತರ ಕೊಡುವುದಿಲ್ಲ. ಕೊಡುವುದು ಹೊಸ ವರ್ಷದ ಮೇಲೆ, ಅದೂ ಒಂದು ಷರತ್ತಿನ ಜೊತೆ: ಪ್ರಕಟಣೆ ಮತ್ತೆ ಮೊದಲನೆಯದರಿಂದ ಶುರುವಾಗಬೇಕು, ಅದೇ ಚರ್ಚಿನಲ್ಲಿ.

ಎರಡನೇ ಪ್ರಕಟಣೆಗೇ ಕಾದಂಬರಿ ನಿಲ್ಲಿಸಿದ್ದೆ. ತುಂಬಾ ಜಾಣತನ ಅಂದುಕೊಂಡಿದ್ದೆ. ಚಿಕ್ಕಮ್ಮನ ಮಗಳು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ, "ಮೂರನೇದು ಎಲ್ಲಕ್ಕಾ? ಬಂದ್ನೋ ಇಲ್ವೋ?" ಅಂತ ರೇಗಿದಳು. ಅವಳು ಹೇಳಿದ್ದೂ ಸರಿ, ಇದು ರಜೆಯಲ್ಲಿ ಓದುವ ಪ್ರೇಮಕಥೆ ಅಲ್ವಾ? ಒಂದು ಪುಟ ಸೇರಿಸಿದೆ. ಅದರಲ್ಲಿ ಅವನು ಬೆಳಗಿನ ಮೊದಲ ಪೂಜೆಗೇ ಬಂದು, ಎರಡನೇ ಪೂಜೆ ಮುಗಿಯುವವರೆಗೂ ಮುಂದಿನ ಬೆಂಚಿನಲ್ಲೇ ಕೂತಿರುತ್ತಾನೆ.