ಶುಭ ಶುಕ್ರವಾರದ ಏಳು ಮಾತು: ಮೂರು ತಾಸನ್ನು ಹಂಚುವ ಬಗೆ

ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಏಳು ಜನ ಒಂದೊಂದು ಪ್ರಸಂಗ ಮಾಡುವ ಆರಾಧನೆ ಇದು. ಹನ್ನೆರಡಕ್ಕೆ ಶುರುವಾಗಿ ಮೂರಕ್ಕೆ ಮುಗಿಯಬೇಕಾದದ್ದು ಹಳಿ ತಪ್ಪುವುದು ಹೆಚ್ಚಾಗಿ ಮೊದಲ ಪ್ರಸಂಗದಲ್ಲೇ. ಹತ್ತು ನಿಮಿಷ ಕೊಟ್ಟವರು ಯೇಸುವನ್ನು ಹಿಡಿದ ಗೆತ್ಸೇಮನೆಯಿಂದ ಹೊರಟು, ತೀರ್ಪು ಕೊಟ್ಟ ಪಿಲಾತನ ಅಂಗಳ ದಾಟಿ, ಶಿಲುಬೆಗೇರಿಸಿದ ಗೊಲ್ಗೊಥಾ ತಲುಪುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ. ಪೆಟ್ಟು ಬೀಳುವುದು ಆರು ಮತ್ತು ಏಳನೆಯವರಿಗೆ.

ಲೆಕ್ಕ ಹೀಗಿರಲಿ. ಆರಂಭಕ್ಕೆ 12 ನಿಮಿಷ. ಒಂದೊಂದು ಮಾತಿಗೆ 22: ವಾಚನ 2, ಪ್ರಸಂಗ 10, ಮೌನ 4, ಪ್ರಾರ್ಥನೆ 3, ಗೀತೆ 3. ಏಳಕ್ಕೆ 154. ಕೊನೆಗೆ 14 ಉಳಿಯುತ್ತದೆ, ಒಟ್ಟು 180. ಯಾರಾದರೂ ಎಳೆದರೆ ಗೀತೆಯ ಚರಣ ಬಿಡಿ, ಮೌನಕ್ಕೆ ಮಾತ್ರ ಕೈ ಹಚ್ಚಬೇಡಿ. 17ನೇ ಶತಮಾನದ ಕೊನೆಗೆ ಪೆರುವಿನ ಲಿಮಾದಲ್ಲಿ ಯೇಸುಸಭೆಯ (ಜೆಸ್ಯೂಟ್) ಪಾದ್ರಿಗಳು ರೂಢಿಗೆ ತಂದ ಈ ಆರಾಧನೆಯ ಜೀವವೇ ಧ್ಯಾನ.

ಏಳೂ ಮಾತುಗಳು ಯಾವ ಒಂದು ಸುವಾರ್ತೆಯಲ್ಲೂ ಒಟ್ಟಿಗಿಲ್ಲ. ಲೂಕನಲ್ಲಿ ಮೂರು (23:34, 43, 46), ಯೋಹಾನನಲ್ಲಿ ಮೂರು (19:26–27, 28, 30), ಮತ್ತಾಯ–ಮಾರ್ಕರಲ್ಲಿ ಒಂದೇ. ಚೀಟಿಯಲ್ಲಿ ವಚನದ ಸಂಖ್ಯೆ ಬರೆದು, ಒಂದು ತಿಂಗಳು ಮುಂಚೆಯೇ ಪ್ರಸಂಗಿಗಳ ಕೈಗೆ ಕೊಡಿ. ತಮ್ಮ ಸುವಾರ್ತೆಯ ಆವರಣದೊಳಗೇ ಇದ್ದರೆ ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳುವುದು ತಪ್ಪುತ್ತದೆ.

ಮೂರನೆಯ ಮಾತಿನಲ್ಲಿ ಒಂದು ತೊಡಕಿದೆ. ಇಂಗ್ಲಿಷ್ ಬೈಬಲ್ ನೋಡಿ ತಯಾರಾದವರು, ಯೇಸು ತಾಯಿಯನ್ನು ‘ಸ್ತ್ರೀಯೇ’ ಎಂದದ್ದೇಕೆ ಎಂದು ವಿವರಿಸತೊಡಗುತ್ತಾರೆ. ಜನರ ತೊಡೆಯ ಮೇಲಿರುವ ಕನ್ನಡ ಸತ್ಯವೇದದಲ್ಲಿ ಇರುವುದು ‘ಅಮ್ಮಾ’. ಎಲ್ಲರೂ ಪುಟ ತಿರುವುತ್ತಾರೆ. ಮೊದಲು ಕನ್ನಡ ಪಾಠವನ್ನೇ ಓದಿ ತಯಾರಾಗಲಿ.

ನಾಲ್ಕನೆಯದನ್ನು ಅನುಭವಸ್ಥರಿಗೆ ಕೊಡಿ. ‘ಏಲೀ, ಏಲೀ, ಲಮಾ ಸಬಕ್ತಾನೀ’ (ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ) ಎಂಬುದನ್ನು ವಾಚಕರು ಹಿಂದಿನ ದಿನ ಬಾಯಿಗೆ ಕೂರಿಸಿಕೊಂಡಿರಬೇಕು. ‘ಏಲೀ’ ಎಂಬ ಸದ್ದನ್ನೇ ಕೇಳಿ ಅಲ್ಲಿದ್ದವರು ಪ್ರವಾದಿ ಎಲೀಯನನ್ನು ಕರೆಯುತ್ತಾನೆಂದು ತಿಳಿದದ್ದು. ಇದು 22ನೇ ಕೀರ್ತನೆಯ ಮೊದಲ ಸಾಲು. ಆ ಕೀರ್ತನೆ ಕೊನೆಗೆ ಸ್ತೋತ್ರವಾಗುತ್ತದೆ ಎಂದು ಎರಡನೇ ನಿಮಿಷಕ್ಕೇ ಸಮಾಧಾನ ಹೇಳುವ ಅವಸರ ಬೇಡ. ಕೈಬಿಟ್ಟವನ ಕೂಗು ಕೂಗಾಗಿಯೇ ಕೇಳಲಿ.

ಐದನೆಯದಾದ ‘ನನಗೆ ನೀರಡಿಕೆಯಾಗಿದೆ’ ಎಂಬುದು ಸುವಾರ್ತೆಯ ಮೂಲ ಗ್ರೀಕಿನಲ್ಲಿ ಒಂದೇ ಪದ. ಇಲ್ಲಿ ಎರಡು ಪಾನೀಯಗಳು ಕಲಸಿಹೋಗುತ್ತವೆ: ಮತ್ತಾಯ 27:34ರಲ್ಲಿ ಕಹಿ ಬೆರೆಸಿದ್ದನ್ನು ಆತ ಕುಡಿಯಲೊಲ್ಲನು, ಯೋಹಾನನಲ್ಲಿ ಸ್ಪಂಜಿನಲ್ಲಿ ತೋಯಿಸಿ ಹಿಸ್ಸೋಪಿನ ಕೋಲಿಗೆ ಸಿಕ್ಕಿಸಿಕೊಟ್ಟ ಹುಳಿರಸವನ್ನು ತೆಗೆದುಕೊಂಡನು. ಹಿಸ್ಸೋಪು ಪಸ್ಕ ಹಬ್ಬದ ಕುರಿಮರಿಯ ರಕ್ತವನ್ನು ಬಾಗಿಲಿಗೆ ಹಚ್ಚಿದ ಗಿಡ (ವಿಮೋಚನಕಾಂಡ 12:22). ಹತ್ತು ನಿಮಿಷಕ್ಕೆ ಇಷ್ಟು ಸಾಕು. ಏಪ್ರಿಲ್ ಬಿಸಿಲಲ್ಲಿ ಉಪವಾಸ ಕೂತ ಸಭೆಗೆ ನೀರಡಿಕೆಯನ್ನು ವರ್ಣಿಸಬೇಕಿಲ್ಲ.

ಆರನೆಯದು ಕನ್ನಡಕ್ಕೇ ಒದಗಿಬಂದ ಮಾತು. ‘ತೀರಿತು’. ಸಾಲ ತೀರುತ್ತದೆ, ಹರಕೆ ತೀರುತ್ತದೆ, ಮನುಷ್ಯರೂ ತೀರಿಹೋಗುತ್ತಾರೆ. ಗ್ರೀಕ್ ಕ್ರಿಯಾಪದ ಮುಗಿದು, ಮುಗಿದೇ ಉಳಿದದ್ದನ್ನು ಹೇಳುತ್ತದೆ, ಸೋತವನ ನಿಟ್ಟುಸಿರಲ್ಲ. ಆ ಪದವನ್ನು ಆಗಿನ ಸಾಲದ ರಸೀದಿಗಳ ಮೇಲೆ ಬರೆಯುತ್ತಿದ್ದರು ಎಂಬ ಪ್ರಸಿದ್ಧ ದೃಷ್ಟಾಂತಕ್ಕೆ ಗಟ್ಟಿ ಆಧಾರವಿಲ್ಲ, ಬಿಡಿ. ಕನ್ನಡದ ಪದವೇ ಆ ಕೆಲಸ ಮಾಡುತ್ತದೆ. ಏಳನೆಯದು ‘ತಂದೆಯೇ, ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸಿಕೊಡುತ್ತೇನೆ’. ಏಳನೆಯವರು ಮರಣದ ಬಗ್ಗೆ ಮತ್ತೆ ಆರಂಭಿಸದೆ, ಕೀರ್ತನೆ 31:5ರ ಮಾತಿನ ಮುಂದೆ ಯೇಸು ಸೇರಿಸಿದ ‘ತಂದೆಯೇ’ ಎಂಬುದರ ಮೇಲೆ ನಿಲ್ಲಲಿ.

ಪ್ರತಿ ಮಾತಿನ ನಂತರ ಒಂದೊಂದು ಮೇಣದ ಬತ್ತಿ ಆರಿಸುವುದಿದ್ದರೆ ಬಾಯಿಂದ ಊದಬೇಡಿ, ಮೇಣ ಬಟ್ಟೆಗೆ ಸಿಡಿಯುತ್ತದೆ. ಉದ್ದ ಹಿಡಿಯ ಲೋಹದ ಬಟ್ಟಲನ್ನು ಮೇಲೆ ಕವುಚಿ. ನೇರ ಮೇಲಿನ ಫ್ಯಾನ್ ಮೊದಲೇ ನಿಲ್ಲಿಸಿರಿ. ಎರಡನೇ ಮಾತಿಗೇ ನಾಲ್ಕು ಬತ್ತಿ ಆರಿದರೆ ಮಕ್ಕಳು ನಗದೆ ಇರುವುದಿಲ್ಲ. ಕೊನೆಯದು ಆರಿದ ಮೇಲೆ ಪ್ರಕಟಣೆ ಬೇಡ, ಈಸ್ಟರ್ ಬೆಳಗಿನ ಆರಾಧನೆಯ ಸಮಯವನ್ನು ಬಾಗಿಲಿಗೆ ಅಂಟಿಸಿ.